ಮಸಿ ಮೇಸ್ತ್ರಿಯ ಹೆಂಡತಿ ಬ್ರೇಕ್ ಹಾಕಿದಾಗ

ನಮ್ಮ ಬೀದಿಯ ಔಷಧಿ ಅಂಗಡಿಯಲ್ಲಿ ಬೆಳಗಿನ ಹೊತ್ತು ಕೂರುವ ಅಕ್ಕ ಕಾರು ಕಲಿತದ್ದು ನಲವತ್ತು ದಾಟಿದ ಮೇಲೆ, ಅದೂ ಬೇರೆ ದಾರಿಯಿಲ್ಲದೆ. ಅವರ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು, ಮನೆಗೂ ಬಂದರು. ಆದರೆ ವಾರಕ್ಕೆ ಮೂರು ಮಧ್ಯಾಹ್ನ ಆಸ್ಪತ್ರೆಗೆ ಬಂದು ಕಾಲಿಗೆ ವ್ಯಾಯಾಮ ಮಾಡಿಸಿಕೊಳ್ಳದಿದ್ದರೆ ಮತ್ತೆ ನಡೆಯುವ ಆಸೆ ಬಿಡಬೇಕು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಕರೆದುಕೊಂಡು ಹೋಗುವವರು ಯಾರು? ಮಗನಿಗೆ ತನ್ನ ಫಿಲಂ ಅಂಗಡಿ ಬಿಟ್ಟು ಅಲ್ಲಾಡುವ ಹಾಗಿಲ್ಲ. ಹಾಗಾಗಿ ಸೊಸೆ ಸ್ಟಿಯರಿಂಗ್ ಹಿಡಿದರು.

ಆ ಮಗ, ಅಂದರೆ ಅಕ್ಕನ ಗಂಡ, ಊರಿಗೆಲ್ಲ ಮಸಿ ಮೇಸ್ತ್ರಿ. ಕಾರುಗಳ ಹಿಂದಿನ ಕೆಂಪು ದೀಪ, ಪಕ್ಕದಲ್ಲಿ ಮಿಣುಕುವ ಸಣ್ಣ ದೀಪ, ಇವುಗಳ ಮೇಲೆ ಕಪ್ಪು ಫಿಲಂ ಅಂಟಿಸಿ ಗಾಡಿಗೆ ಗತ್ತು ಬರಿಸುವುದು ಅವರ ಕಸುಬು. ಮೊದಲು ಯಾರೋ ತಮಾಷೆಗೆ "ದುಡ್ಡು ತಗೊಂಡು ಮಸಿ ಬಳಿಯೋನು" ಎಂದರಂತೆ. ಮೇಸ್ತ್ರಿ ಬೇಜಾರು ಮಾಡಿಕೊಳ್ಳುವ ಬದಲು ಆ ಹೆಸರನ್ನೇ ಬೋರ್ಡಿಗೆ ಬರೆಸಿಬಿಟ್ಟರು. ಕೈ ಮಾತ್ರ ಬಂಗಾರದಂಥದ್ದು. ದೀಪವನ್ನು ಸೋಪಿನ ನೀರಲ್ಲಿ ತೊಳೆದು, ಫಿಲಂ ಹಾಸಿ, ಬಿಸಿಗಾಳಿಯ ಗನ್ನು ಹಿಡಿದು ಮೂಲೆ ಮೂಲೆಗೂ ಎಳೆದು ಕೂರಿಸಿ, ರಬ್ಬರ್ ಪಟ್ಟಿಯಿಂದ ನೀರೆಲ್ಲ ಒತ್ತಿ ತೆಗೆದು, ಅಂಚನ್ನು ಬ್ಲೇಡಿನಿಂದ ಕೊಯ್ದರೆಂದರೆ ಅಲ್ಲಿ ಫಿಲಂ ಇದೆ ಎಂದು ಉಗುರಿಗೂ ತಿಳಿಯುವುದಿಲ್ಲ. ಗಿರಾಕಿಗಳಿಗೆ ತೋರಿಸಲೆಂದು ತಮ್ಮ ಸ್ವಂತ ಬಿಳಿ ಕಾರಿಗೇ ಎಲ್ಲಕ್ಕಿಂತ ಗಾಢವಾದ ಫಿಲಂ ಎರಡು ಪದರ ಹಾಕಿದ್ದರು. "ನನ್ನ ಕಾರೇ ನನ್ನ ಜಾಹೀರಾತು" ಎಂದು ಅದನ್ನು ಅಂಗಡಿಯ ಮುಂದೆ ನಿಲ್ಲಿಸಿ, ತಾವು ಸ್ಕೂಟರಿನಲ್ಲೇ ಓಡಾಡುತ್ತಿದ್ದರು.

ಅಕ್ಕನ ಕೈಗೆ ಬಂದದ್ದು ಅದೇ ಕಾರು.

ಡ್ರೈವಿಂಗ್ ಸ್ಕೂಲಿನ ಗಾಡಿಯಲ್ಲಿ ಅವರು ಚೆನ್ನಾಗಿಯೇ ಕಲಿತಿದ್ದರು. ಲೈಸೆನ್ಸೂ ಮೊದಲ ಸಲಕ್ಕೇ ಸಿಕ್ಕಿತು. ಆದರೆ ಮನೆಯ ಕಾರನ್ನು ರಸ್ತೆಗಿಳಿಸಿದ ದಿನದಿಂದ ಬೆನ್ನ ಹಿಂದೆ ಹಾರ್ನುಗಳು ಶುರುವಾದವು. ಅವರು ಬ್ರೇಕ್ ತುಳಿದರೆ ಸಾಕು, ಹಿಂದೆ ಟಯರು ಕಿರುಚುತ್ತಿತ್ತು, ಆಮೇಲೆ ಹಾರ್ನು, ಆಮೇಲೆ ಪಕ್ಕಕ್ಕೆ ಬಂದು ಕಿಟಕಿ ಇಳಿಸಿ ಬೈಗುಳ. ಒಬ್ಬ ವಯಸ್ಸಾದ ಮನುಷ್ಯ ಕೈ ಮುಗಿದು, "ತಾಯಿ, ಮನೇಲಿ ಇದ್ದುಬಿಡಿ" ಎಂದು ಹೋದ. ಬೈದವರಿಗಿಂತ ಆ ಕೈ ಮುಗಿದವನೇ ಅಕ್ಕನಿಗೆ ಹೆಚ್ಚು ಚುಚ್ಚಿದ.

ಗಂಡನಿಗೆ ಹೇಳಿದರೆ ಅವರು ನಕ್ಕರು. "ನೀನು ಸಡನ್ನಾಗಿ ಬ್ರೇಕ್ ಹಾಕ್ತೀಯ ಕಣೇ. ತಲೆ ಮೇಲೆ ತುಂಬಿದ ಕೊಡ ಇಟ್ಕೊಂಡೋರ ಹಾಗೆ ಮೆಲ್ಲಗೆ ನಿಲ್ಲಿಸಬೇಕು."

ಈ ಮಾತು ಔಷಧಿ ಅಂಗಡಿಯವರ ಕಿವಿಗೂ ಬಿತ್ತು. ಅಕ್ಕನಿಗೆ "ಸಡನ್ ಬ್ರೇಕ್" ಎಂಬ ಅಡ್ಡಹೆಸರು ಬಂತು. ಔಷಧಿ ಕೊಳ್ಳಲು ಬಂದವರೂ, "ಏನು ಸಡನ್ ಬ್ರೇಕಕ್ಕಾ, ಇವತ್ತು ಎಷ್ಟು ಜನರ ಎದೆ ಒಡೆದ್ರಿ?" ಎಂದು ಕೇಳಿ ಹಲ್ಲು ಕಿರಿಯುತ್ತಿದ್ದರು. ಅಕ್ಕ ನಗುತ್ತಿದ್ದರು. ಆದರೆ ಆಸ್ಪತ್ರೆಗೆ ಹೋಗಬೇಕಾದ ದಿನ ಬೆಳಗ್ಗೆಯಿಂದಲೇ ಮಾತ್ರೆ ಎಣಿಸುವಾಗ ಲೆಕ್ಕ ತಪ್ಪುತ್ತಿತ್ತು. ಮಧ್ಯಾಹ್ನ ತಟ್ಟೆಯಲ್ಲಿ ಹಾಕಿಕೊಂಡದ್ದು ಹಾಗೇ ಉಳಿಯುತ್ತಿತ್ತು. ಕಾರಿನಲ್ಲಿ ಕೂತ ಮೇಲಂತೂ ಮುಂದಿನ ರಸ್ತೆ ನೋಡುವುದಕ್ಕಿಂತ ಹೆಚ್ಚಾಗಿ ಕನ್ನಡಿಯಲ್ಲಿ ಹಿಂದಿನವರನ್ನೇ ನೋಡುತ್ತಿದ್ದರು. ಯಾವಾಗ ಬ್ರೇಕ್ ತುಳಿಯಬೇಕಾಗಿ ಬರುತ್ತದೋ ಎಂಬ ದಿಗಿಲಿನಲ್ಲಿ ಕಾಲು ಪೆಡಲಿನ ಮೇಲೇ ನಿಂತಿರುತ್ತಿತ್ತು.

ಒಂದು ದಿನ ಅವರು ಗಂಡನ ಮಾತನ್ನು ಅಕ್ಷರಶಃ ಪರೀಕ್ಷೆ ಮಾಡಿಯೇ ಬಿಟ್ಟರು. ಸ್ಟೀಲ್ ಲೋಟದಲ್ಲಿ ಅಂಚಿನವರೆಗೆ ನೀರು ತುಂಬಿ ಅತ್ತೆಯ ಕೈಗೆ ಕೊಟ್ಟರು. ನಮಗೆಲ್ಲ ಅಜ್ಜಿಯಾದ ಅವರಿಗೆ ಸೊಂಟ ಮಡಚಿ ಕೂರಲು ಆಗುತ್ತಿರಲಿಲ್ಲ. ಹಾಗಾಗಿ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ, ಬಾಗಿಲಿಗೆ ದಿಂಬು ಒರಗಿಸಿ, ಅಡ್ಡಡ್ಡಲಾಗಿ ಕೂರುತ್ತಿದ್ದರು.

"ಇದನ್ನ ಕುಡಿಯೋದಾ?" ಎಂದರು ಅಜ್ಜಿ.

"ಬೇಡ ಅತ್ತೆ, ಹಿಡ್ಕೊಂಡಿರಿ ಸಾಕು. ನಾನು ನಿಲ್ಲಿಸಿದಾಗ ಚೆಲ್ಲುತ್ತಾ ನೋಡಿ ಹೇಳಿ."

ಮೊದಲ ಸಿಗ್ನಲ್ಲಿನಲ್ಲಿ ಅಕ್ಕ ದೂರದಿಂದಲೇ ವೇಗ ತಗ್ಗಿಸುತ್ತ ಬಂದು ಉಸಿರು ಬಿಗಿಹಿಡಿದು ನಿಲ್ಲಿಸಿದರು. ಒಂದು ತೊಟ್ಟೂ ಚೆಲ್ಲಲಿಲ್ಲ. ಅಷ್ಟರಲ್ಲಿ ಹಿಂದೆ ಕಿರ್ರೆಂದಿತು, ಹಾರ್ನು ಬೊಬ್ಬೆ ಹೊಡೆಯಿತು. ಬೆಚ್ಚಿಬಿದ್ದ ಅಜ್ಜಿಯ ಕೈಯಿಂದ ನೀರೆಲ್ಲ ಸೀರೆಯ ಮೇಲೆ.

"ನೀನು ನಿಲ್ಲಿಸಿದ್ದಕ್ಕೆ ಚೆಲ್ಲಲಿಲ್ಲ ಕಣೇ, ಆ ಮುಂಡೇದು ಬಡ್ಕೊಂಡಿದ್ದಕ್ಕೆ ಚೆಲ್ಲಿತು" ಎಂದು ಅಜ್ಜಿ ಸೆರಗು ಹಿಂಡಿದರು. ಆಮೇಲೆ ಕತ್ತು ಹೊರಳಿಸಿ ಹಿಂದಿನ ಗಾಜಿನಲ್ಲಿ ನೋಡತೊಡಗಿದರು. ಆಸ್ಪತ್ರೆ ತಲುಪುವವರೆಗೂ ಅದೇ ಕೆಲಸ. ಇಳಿಯುವಾಗ ಮೆಲ್ಲಗೆ ಹೇಳಿದರು: "ಹಿಂದಿನೋರ ಮುಖ ನೋಡ್ದೆ. ಅವರಿಗೆ ಮೊದಲು ಸಿಟ್ಟು ಬರಲ್ಲ. ಮೊದಲು ಗಾಬರಿ ಆಗುತ್ತೆ. ದೆವ್ವ ಕಂಡೋರ ಹಾಗೆ ಕಣ್ಣು ಬಿಡ್ತಾರೆ. ಸಿಟ್ಟು ಬರೋದು ಆಮೇಲೆ."

ಅಕ್ಕನಿಗೆ ಇದು ಅರ್ಥವಾಗಲಿಲ್ಲ. ತನ್ನ ಡ್ರೈವಿಂಗ್ ಜನರನ್ನು ಅಷ್ಟು ಹೆದರಿಸುತ್ತಿದೆಯಲ್ಲ ಎಂದು ಅವರು ಇನ್ನಷ್ಟು ಕುಗ್ಗಿದರು.

ಅರ್ಥವಾದದ್ದು ಮುಂದಿನ ವಾರ. ಆಸ್ಪತ್ರೆಯ ಗೇಟಿನ ಹತ್ತಿರ ಒಂದು ನಾಯಿ ಅಡ್ಡ ಬಂತೆಂದು ಅಕ್ಕ ನಿಲ್ಲಿಸಿದರು. ಹಿಂದಿನಿಂದ ಧಡ್ ಎಂದಿತು. ಆ ಸದ್ದಿಗೆ ಅಕ್ಕ "ಅತ್ತೇ!" ಎಂದು ಕೂಗಿದರು.

"ನನಗೇನೂ ಆಗಿಲ್ಲ. ಕೆಳಗೆ ಬಿದ್ದೋರನ್ನ ನೋಡು ಹೋಗು!"

ಒಬ್ಬ ಹೆಂಗಸು ಸ್ಕೂಟರಿನ ಪಕ್ಕದಲ್ಲಿ ಕೂತಿದ್ದಳು. ಅಂಗೈ ತರಚಿ ರಕ್ತ ಜಿನುಗುತ್ತಿತ್ತು. ದೊಡ್ಡ ಪೆಟ್ಟೇನೂ ಇಲ್ಲ. ಅಕ್ಕ ಕಾರಿನಲ್ಲಿದ್ದ ಹತ್ತಿ, ಔಷಧಿ ತಂದು ಗಾಯ ತೊಳೆದರು. ಹತ್ತಿಯ ಸುರುಳಿ ಎರಡು ಸಲ ಕೈಜಾರಿ ಬಿದ್ದು, ಕೊನೆಗೆ ಪೆಟ್ಟಾದವಳೇ ಅದನ್ನು ಹಿಡಿದುಕೊಂಡಳು.

"ತಪ್ಪಾಯ್ತಮ್ಮಾ. ನನ್ನ ಬ್ರೇಕೇ ಹಾಗೆ. ಎಲ್ಲರೂ ಬೈತಾರೆ."

"ನೀವು ಬ್ರೇಕ್ ಹಾಕಿದ್ದೇ ನನಗೆ ಗೊತ್ತಾಗಲಿಲ್ಲ ಅಕ್ಕಾ" ಎಂದಳು ಅವಳು. "ಹೋಗ್ತಾ ಇದ್ದಾರೆ ಅಂದ್ಕೊಂಡಿದ್ದೆ. ನೋಡಿದ್ರೆ ನಿಂತೇಬಿಟ್ಟಿದ್ದೀರ. ನಿಮ್ಮ ಹಿಂದಿನ ಲೈಟು ಹತ್ತಲೇ ಇಲ್ಲ."

ಬಲ್ಬು ಹೋಗಿರಬೇಕು ಎಂದುಕೊಂಡರು ಅಕ್ಕ. ಅವಳು ಹೋದ ಮೇಲೆ ಕಾರನ್ನು ಆಸ್ಪತ್ರೆಯ ಬಯಲಿನಲ್ಲಿ ನಿಲ್ಲಿಸಿದರು. ಅಜ್ಜಿಯ ಊರುಗೋಲನ್ನು ಹಿಂದಿನ ಸೀಟಿನಿಂದ ಮುಂದಿನ ಎರಡು ಸೀಟುಗಳ ನಡುವೆ ತೂರಿಸಿ, ಅದರ ತುದಿಯನ್ನು ಬ್ರೇಕಿನ ಮೇಲೆ ಇಟ್ಟುಕೊಟ್ಟರು.

"ನಾನು ಒತ್ತಿ ಅಂದಾಗ ಒತ್ತಿ ಅತ್ತೆ."

"ಕಾರು ಓಡಿ ಹೋಗಲ್ಲ ತಾನೇ?"

"ಇಂಜಿನ್ ಆಫ್ ಮಾಡಿದ್ದೀನಿ, ಒತ್ತಿ!"

ನೆತ್ತಿಯ ಮೇಲೆ ಬಿಸಿಲು ಸುರಿಯುತ್ತಿತ್ತು. ಅಕ್ಕ ಹತ್ತು ಹೆಜ್ಜೆ ಹಿಂದೆ ನಿಂತು ನೋಡಿದರು. ದೀಪದ ಜಾಗದಲ್ಲಿ ಎರಡು ಕಪ್ಪು ತೇಪೆ, ಅಷ್ಟೇ. "ಒತ್ತಿದ್ದೀರಾ?" "ಒತ್ತಿದ್ದೀನಿ, ಕೈ ನೋಯ್ತಾ ಇದೆ!" ಹತ್ತಿರ ಹೋದರು. ಏನೂ ಇಲ್ಲ. ಕೊನೆಗೆ ಮಂಡಿಯೂರಿ, ಎರಡೂ ಅಂಗೈಗಳಿಂದ ಬಿಸಿಲು ಮರೆಮಾಡಿ, ಮೂಗು ತಾಗುವಷ್ಟು ಹತ್ತಿರದಿಂದ ಇಣುಕಿದರು. ಒಳಗೆ ದೀಪ ಉರಿಯುತ್ತಿತ್ತು. ಬೂದಿ ಮುಚ್ಚಿದ ಕೆಂಡದ ಹಾಗೆ, ಒಳಗೊಳಗೇ.

ಬಲ್ಬು ಸರಿಯಾಗಿತ್ತು. ಬ್ರೇಕೂ ಸರಿಯಾಗಿತ್ತು. ಅವರ ಕಾಲೂ ಸರಿಯಾಗಿತ್ತು.

ಸಮಾಧಾನವಾಗಬೇಕಿತ್ತು. ಆದದ್ದು ಬೇರೆ. ಇಷ್ಟು ದಿನ ತಾನು ಕಣ್ಣಿಗೆ ಕಾಣದವಳಾಗಿ ಆ ರಸ್ತೆಯಲ್ಲಿ ಓಡಾಡಿದ್ದೇನೆ, ಮುರಿದ ಸೊಂಟದ ಮುದುಕಿಯನ್ನು ಹಿಂದಿನ ಸೀಟಿನಲ್ಲೇ ಕೂರಿಸಿಕೊಂಡು. ಯಾವುದಾದರೂ ಲಾರಿ ಹಿಂದಿದ್ದಿದ್ದರೆ? ಅಕ್ಕ ಬಯಲಿನ ಕಟ್ಟೆಯ ಮೇಲೆ ಕೂತರು, ಮತ್ತೆ ಎದ್ದರು. ಫಿಲಂ ಕೀಳೋಣವೆಂದು ಉಗುರಿನಿಂದ ಕೆರೆದರು. ಎಲ್ಲೂ ಅಂಚು ಸಿಗಲಿಲ್ಲ. ಗಂಡನ ಕೈಚಳಕಕ್ಕೆ ಅವರು ಅವತ್ತು ಹಾಕಿದಷ್ಟು ಶಾಪ ಇನ್ಯಾವತ್ತೂ ಹಾಕಿಲ್ಲವಂತೆ.

ಆಟೋ ಹಿಡಿಯೋಣವೆಂದರೆ ಅಜ್ಜಿ ಕಾಲು ಚಾಚಿ ಕೂರಲು ಜಾಗವಿಲ್ಲ. ಗಂಡನಿಗೆ ಫೋನ್ ಮಾಡಿದರೆ ಎತ್ತುತ್ತಿಲ್ಲ. ವ್ಯಾಯಾಮ ಮುಗಿಸಿ, ಅದೇ ಕಾರಿನಲ್ಲಿ ಹೊರಡುವುದೇ ಆಯಿತು.

"ಅತ್ತೆ, ಟವೆಲ್ ತಗೊಳ್ಳಿ. ನಾನು ಬ್ರೇಕ್ ಅಂದಾಗೆಲ್ಲ ಹಿಂದಿನ ಗಾಜಿನಲ್ಲಿ ಬೀಸಿ."

ಹಾಗೆ ಹೊರಟಿತು ಸವಾರಿ. ಅಕ್ಕ "ಬ್ರೇಕ್!" ಎನ್ನುವುದು, ಅಜ್ಜಿ ಬಿಳಿ ಟವೆಲನ್ನು ಪಟಪಟನೆ ಬೀಸುವುದು. ನೋಡಿದವರು ನಕ್ಕಿರಬಹುದು. ಕಾರಿನೊಳಗೆ ಮಾತ್ರ ಇಬ್ಬರಿಗೂ ನಗು ಬರಲಿಲ್ಲ. ದೊಡ್ಡ ರಸ್ತೆಯ ತಿರುವಿನಲ್ಲಿ ಒಂದು ಸಿಮೆಂಟ್ ಲಾರಿ ಹಿಂದೆ ಬಂದು ಕನ್ನಡಿಯ ತುಂಬ ಅದೇ ಆದಾಗ ಅಜ್ಜಿ ಟವೆಲ್ ಬಿಟ್ಟು ಎರಡೂ ಕೈ ಎತ್ತಿ "ನಿಲ್ಲಪ್ಪಾ, ನಿಲ್ಲೋ!" ಎಂದು ಕೂಗಿದರಂತೆ, ಅವನಿಗೆ ಕೇಳಿಸುತ್ತದೆಯೇನೋ ಎಂಬಂತೆ. ಲಾರಿ ನಿಂತಿತು. ಅಕ್ಕನ ಕಣ್ಣಲ್ಲಿ ನೀರು ತುಂಬಿ ರಸ್ತೆ ಮಂಜಾಯಿತು. ಒರೆಸಿಕೊಳ್ಳಲು ಸ್ಟಿಯರಿಂಗ್ ಬಿಡುವ ಧೈರ್ಯವಾಗಲಿಲ್ಲ.

ಮನೆಗೆ ಹೋಗಲಿಲ್ಲ. ನೇರ ಗಂಡನ ಅಂಗಡಿಗೇ ಹೋದರು. ಮೇಸ್ತ್ರಿ ಒಂದು ಕೆಂಪು ಕಾರಿನ ಪಕ್ಕದ ದೀಪಕ್ಕೆ ಫಿಲಂ ಕೂರಿಸುತ್ತಿದ್ದರು. ಸೋಪಿನ ನೀರಿನ ಬಾಟಲಿ ಕಂಕುಳಲ್ಲಿತ್ತು, ಬ್ಲೇಡು ಹಲ್ಲಿನ ನಡುವೆ. ವಿಷಯ ಕೇಳಿ, ಬ್ಲೇಡು ತೆಗೆದು, ಗಿರಾಕಿಯ ಕಡೆ ಒಮ್ಮೆ ನೋಡಿ ನಕ್ಕರು.

"ಬಿಸಿಲಲ್ಲಿ ಸ್ವಲ್ಪ ಮಂಕಾಗಿ ಕಾಣುತ್ತೆ ಅಷ್ಟೇ. ಕತ್ತಲಲ್ಲಿ ನೋಡು, ಹೇಗೆ ಹೊಳೆಯುತ್ತೆ ಅಂತ. ನಿನ್ನ ಬ್ರೇಕಿಗೆ ನನ್ನ ಕೆಲಸ ಯಾಕೆ ದೂರ್ತೀಯ?"

ಅಕ್ಕ ಜಗಳವಾಡಲಿಲ್ಲ. "ರೀ, ನಿಮ್ಮ ಸ್ಕೂಟರ್ ತಗೊಂಡು ನನ್ನ ಹಿಂದೆ ಬನ್ನಿ. ಒಂದೇ ಒಂದು ಸುತ್ತು" ಎಂದರು. ಆ ಧ್ವನಿಯಲ್ಲಿ ಏನಿತ್ತೋ, ಮೇಸ್ತ್ರಿ ಹೆಲ್ಮೆಟ್ ಹಾಕಿಕೊಂಡರು. ಅಜ್ಜಿಯನ್ನು ಅಂಗಡಿಯ ಬೆಂಚಿನಲ್ಲಿ ಒರಗಿಸಿ ಕೂರಿಸಿ ಇಬ್ಬರೂ ಹೊರಟರು.

ಗೋದಾಮುಗಳ ಹಿಂದಿನ ಖಾಲಿ ರಸ್ತೆ. ಅಕ್ಕ ಒಂದೇ ಸಮನೆ ಓಡಿಸಿದರು, ಆಮೇಲೆ ಎಂದಿನಂತೆ ಮೆಲ್ಲಗೆ ಬ್ರೇಕ್ ತುಳಿದರು. ಹಿಂದೆ ಟಯರು ಕಿರುಚಿತು. ಸ್ಕೂಟರಿನ ಮುಂದಿನ ಚಕ್ರ ಬಂಪರಿಗೆ ತಗುಲಿ ನಿಂತಿತು. ಅಕ್ಕ ಇಳಿದು ಬಂದಾಗ ಮೇಸ್ತ್ರಿ ಸ್ಕೂಟರಿನ ಮೇಲೆ ಹಾಗೇ ಕೂತಿದ್ದರು. ಎರಡೂ ಬ್ರೇಕುಗಳನ್ನು ಇನ್ನೂ ಹಿಡಿದೇ ಇದ್ದರು.

"ಬ್ರೇಕ್ ಹಾಕ್ತೀಯ ಅಂತ ನಂಗೆ ಗೊತ್ತಿತ್ತು" ಎಂದರು ನಿಧಾನವಾಗಿ. "ಕಾಯ್ತಾನೇ ಇದ್ದೆ. ಆದ್ರೂ ಗೊತ್ತಾಗಲಿಲ್ಲ." ಹೆಲ್ಮೆಟ್ ಕಳಚಿ, "ಅಮ್ಮನ್ನ ಕೂರಿಸ್ಕೊಂಡು ಇದ್ರಲ್ಲೇ..." ಎಂದರು.

ಅಂಗಡಿಗೆ ವಾಪಸು ಬಂದವರೇ ಬಿಸಿಗಾಳಿಯ ಗನ್ನು ಹಿಡಿದು ತಮ್ಮ ಕಾರಿನ ಹಿಂದೆ ಕುಕ್ಕರಗಾಲಿನಲ್ಲಿ ಕೂತರು. ಬಿಸಿಗೆ ಫಿಲಂ ಮೆತ್ತಗಾಯಿತು. ಮೂಲೆ ಹಿಡಿದು ಎಳೆದರೆ ಹಾವಿನ ಪೊರೆಯಂತೆ ಬಿಟ್ಟುಬಂತು. ಅಂಟನ್ನು ಬಟ್ಟೆಯಿಂದ ತಿಕ್ಕಿ ತಿಕ್ಕಿ ತೆಗೆದರು. ಪಕ್ಕದ ದೀಪಗಳನ್ನೂ ಬಿಡಲಿಲ್ಲ. ಕೆಂಪು ಕಾರಿನ ಗಿರಾಕಿ, "ನಂದು ಯಾವಾಗ ಮುಗಿಸ್ತೀರಿ?" ಎಂದ. "ನಿಮ್ದೂ ತೆಗೆದು ಕೊಡ್ತೀನಿ" ಎಂದರು ಮೇಸ್ತ್ರಿ. ಅವನು ರೇಗಾಡಿ, ಅರ್ಧ ಕಪ್ಪು ಅರ್ಧ ಕೆಂಪು ದೀಪಗಳಲ್ಲೇ ಕಾರು ತಿರುಗಿಸಿಕೊಂಡು ಹೋದ. ಮೇಸ್ತ್ರಿ ಅವನು ತಿರುವು ದಾಟುವವರೆಗೂ ನೋಡುತ್ತ ನಿಂತರು.

ಅಂದಿನಿಂದ ದಿಗಿಲು ಅಕ್ಕನನ್ನು ಬಿಟ್ಟು ಮೇಸ್ತ್ರಿಯನ್ನು ಹಿಡಿಯಿತು. ಊರಿನಲ್ಲಿ ತಮ್ಮ ಕೈಯ ಕಪ್ಪು ದೀಪಗಳು ಎಷ್ಟು ಓಡಾಡುತ್ತಿವೆಯೋ ಅವರಿಗೇ ಗೊತ್ತಿಲ್ಲ. ಎಲ್ಲೋ ಅಪಘಾತವಾಯಿತು ಎಂದು ಕೇಳಿದರೆ, "ಯಾವ ಬಣ್ಣದ ಕಾರು?" ಎಂಬುದೇ ಅವರ ಮೊದಲ ಪ್ರಶ್ನೆ. ತಟ್ಟೆಯ ಮುಂದೆ ಕೂತು ಎದ್ದುಬಿಡುತ್ತಿದ್ದರು. ಕೊನೆಗೆ ಅಕ್ಕನೇ ಅವರ ಫೋನ್ ಕಸಿದುಕೊಂಡು, ಗೊತ್ತಿದ್ದ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಾಗಿ ಕರೆ ಮಾಡಿದರು. "ಬಂದು ತೆಗೆಸ್ಕೊಂಡು ಹೋಗಿ, ಒಂದು ಪೈಸೆ ಬೇಡ." ಕೆಲವರು ಬಂದರು. ಹಲವರು ನಕ್ಕರು. ಒಬ್ಬನ ನಂಬರಿಗೆ ಮಾಡಿದರೆ ಅವನ ತಾಯಿ ಎತ್ತಿದರು. ಕೇಳಿಸಿಕೊಂಡು, ಧ್ವನಿ ತಗ್ಗಿಸಿ, "ಅವನಿಗೆ ಹೇಳಬೇಡಿ. ಅವನು ಮಲಗಿರುವಾಗ ನಾನೇ ತರ್ತೀನಿ" ಎಂದರು. ಭಾನುವಾರ ಮಧ್ಯಾಹ್ನ ತಂದೂ ಬಿಟ್ಟರು, ಮನೆಯ ಚಪ್ಪಲಿಯಲ್ಲೇ.

ಈಗ ಅಂಗಡಿಯಲ್ಲಿ ಕಿಟಕಿ ಗಾಜಿಗೆ ಬಿಸಿಲು ತಡೆಯುವ ತೆಳು ಫಿಲಂ, ಬಾಗಿಲಿಗೆ ಗೀರು ಬೀಳದ ಹಾಗೆ ಪಾರದರ್ಶಕ ಫಿಲಂ, ಇಂಥ ಕೆಲಸ ನಡೆಯುತ್ತದೆ. ಮೊದಲಿನಷ್ಟು ನೂಕುನುಗ್ಗಲಿಲ್ಲ. ಅಜ್ಜಿ ಊರುಗೋಲಿನೊಂದಿಗೆ ಗೇಟಿನವರೆಗೆ ನಡೆಯುತ್ತಾರೆ. ಅಕ್ಕ ಕಾರು ಓಡಿಸುತ್ತಾರೆ, ಹಾರ್ನುಗಳಿಲ್ಲ. ಆದರೆ ಮುಂದೆ ಯಾವುದಾದರೂ ಕಾರಿನ ಹಿಂಬದಿ ಕಪ್ಪಾಗಿ ಕಂಡರೆ ಅವರ ಕಾಲು ತಾನಾಗಿ ಬ್ರೇಕಿನ ಕಡೆ ಹೋಗುತ್ತದೆ. ಒಮ್ಮೆ ನಾನು ಅವರ ಪಕ್ಕದಲ್ಲಿ ಕೂತಿದ್ದೆ. ಒಂದು ಬೂದು ಬಣ್ಣದ ಕಾರು ಮುಂದೆ ಸೇರಿಕೊಂಡಿತು. ಅಕ್ಕ ಬಹಳ ಹಿಂದೆ ಉಳಿದರು, ಎರಡು ಗಾಡಿ ತೂರುವಷ್ಟು ಜಾಗ ಬಿಟ್ಟು, ಆ ಕಾರಿನ ದೀಪಗಳ ಅಂಚನ್ನೇ ದಿಟ್ಟಿಸುತ್ತ.

"ನಮ್ಮನೆಯವರದೇ ಕೆಲಸ" ಎಂದರು. "ನಮ್ಮ ಕರೆಗೆ ಸಿಗದೇ ಇದ್ದೋನು. ಸಿಗ್ನಲ್ಲಲ್ಲಿ ನಿಂತ್ರೆ ಇಳಿದು ಹೋಗಿ ಹೇಳ್ತೀನಿ."

ಸಿಗ್ನಲ್ ಹಸಿರಾಗಿಯೇ ಇತ್ತು. ಕಾರು ಎಡಕ್ಕೆ ಹೊರಳಿ ಹೋಯಿತು. ಅದು ಹೊರಳುವಾಗ ಯಾವ ದೀಪವೂ ನಮಗೆ ಕಾಣಲಿಲ್ಲ.