ಅಮೆರಿಕಕ್ಕೊಂದು ಬ್ಯಾಟು

ಮಾರ್ಚ್ ತಿಂಗಳ ಒಂದು ಸೋಮವಾರ ಅಮೆರಿಕದಿಂದ ಗೆಳೆಯನ ವಾಯ್ಸ್ ಮೆಸೇಜ್ ಬಂತು. ನಾಲ್ಕು ನಿಮಿಷದ್ದು. ನನಗೆ ಈ ವಾಯ್ಸ್ ಮೆಸೇಜುಗಳನ್ನು ಕಂಡರೆ ಆಗುವುದಿಲ್ಲ. ಹೇಳಬೇಕಾದ್ದನ್ನು ನಾಲ್ಕು ಸಾಲು ಬರೆಯಲು ಜನರಿಗೆ ಏನು ರೋಗ? ಬಾಯಿ ತುಂಬ ಅವಲಕ್ಕಿ ಇಟ್ಟುಕೊಂಡವರ ಹಾಗೆ ಗೊಣಗುತ್ತಾರೆ. ಹಿಂದೆ ಯಾವುದೋ ಟಿವಿ, ಯಾವುದೋ ಮಗು. ಮೂರು ಸಲ ಹಾಕಿ ಕೇಳಿದೆ, ಅರ್ಧ ತಿಳಿಯಿತು. "ಎಲ್ಲ ಬರೆದು ಕಳಿಸು" ಎಂದು ಟೈಪ್ ಮಾಡಿದೆ.

ಅವನು ಬರೆದು ಕಳಿಸಿದ.

"ಇಲ್ಲಿ ಒಂದು ಕ್ಲಬ್ಬಿಗೆ ಸೇರಿದ್ದೇನೆ ಮಾರಾಯ. ಗ್ರೌಂಡು ಪಾರ್ಕಿನ ಒಳಗೆ ಉಂಟು. ಪಿಚ್ಚು ಮಸ್ಕತ್ತಿನ ಹಾಗೆಯೇ, ಅಡಿಯಲ್ಲಿ ಸಿಮೆಂಟು, ಮೇಲೆ ಮ್ಯಾಟು. ಬಾಲ್ ಎದೆಗೇ ಬರ್ತದೆ. ಈ ಊರಲ್ಲಿ ಬ್ಯಾಟು ಕೈಯಲ್ಲಿ ಹಿಡಿದು ನೋಡ್ಲಿಕ್ಕೆ ಒಂದು ಅಂಗಡಿ ಇಲ್ಲ, ಫೋಟೋ ನೋಡಿ ತರಿಸ್ಬೇಕು. ಒಂದು ತರಿಸಿದೆ, ಕೆಳಗೆಲ್ಲ ಭಾರ, ಎತ್ತಿದ್ರೆ ಮೊಣಕೈ ನೋವು. ನೀನೊಂದು ಆರಿಸಿ ಕಳಿಸು. ನೀನು ಆರಿಸಿದ್ರೆ ಸಾಕು."

ಕೆಳಗೆ ಒಂದು ಪಟ್ಟಿ. ತೂಕ ಎರಡು ಪೌಂಡು ಒಂಬತ್ತು ಔನ್ಸು ಮೀರಬಾರದು. ಬಾಲು ಮೇಲೆ ಬರುವುದರಿಂದ ದಪ್ಪ ಭಾಗ ಸ್ವಲ್ಪ ಮೇಲೆಯೇ ಇರಬೇಕು. ಹಿಡಿ ದುಂಡಗೆ, ಗ್ರಿಪ್ಪು ತೆಳ್ಳಗೆ. ಅವನ ಹೆಂಡತಿಯ ಅಕ್ಕ ಭಾನುವಾರ ಮಸ್ಕತ್ತಿನಿಂದ ಅಲ್ಲಿಗೆ ಹೊರಡುತ್ತಿದ್ದರು; ಅವರ ಸೂಟ್‌ಕೇಸಿನಲ್ಲಿ ಓರೆಯಾಗಿ ಇಟ್ಟರೆ ಹಿಡಿಯುತ್ತದಂತೆ. ಎಲ್ಲ ಬರೆದಿದ್ದ ಪುಣ್ಯಾತ್ಮ. ಆದರೆ ಬ್ಯಾಟಿನ ಸದ್ದಿನ ಬಗ್ಗೆ ಒಂದೇ ಒಂದು ಮಾತಿಲ್ಲ. ನನಗೆ ಸಿಟ್ಟು ಬಂತು. ನನ್ನ ಹತ್ತಿರ ಬ್ಯಾಟು ಆರಿಸಲು ಹೇಳುವುದು, ಸದ್ದಿನ ಮಾತೇ ಎತ್ತದಿರುವುದು!

ಏಕೆಂದರೆ ಮಸ್ಕತ್ತಿನಲ್ಲಿ ವಾರದ ರಜೆ ಶುಕ್ರವಾರ, ಆ ದಿನ ಆಡುವ ನಮ್ಮ ಟೀಮಿನಲ್ಲಿ ಯಾರು ಹೊಸ ಬ್ಯಾಟು ಕೊಂಡರೂ ಅದು ಮೊದಲು ನನ್ನ ಕೈಗೆ ಬರುತ್ತಿತ್ತು. ಹಿಡಿಯನ್ನು ಎರಡು ಬೆರಳಲ್ಲಿ ಸಡಿಲವಾಗಿ ಹಿಡಿದು, ಹಳೆಯ ಲೆದರ್ ಬಾಲಿನಿಂದ ಬ್ಯಾಟಿನ ಮುಖವನ್ನು ಕೆಳಗಿನಿಂದ ಮೇಲಕ್ಕೆ ಮೆಲ್ಲಗೆ ಬಡಿಯುತ್ತ ಬರುತ್ತಿದ್ದೆ. ಒಳ್ಳೆಯ ಮರವಾದರೆ ಒಂದು ಜಾಗದಲ್ಲಿ ಸದ್ದು ತೆರೆದುಕೊಂಡು ಟಣ್ ಎನ್ನುತ್ತದೆ. ಬಾಲು ಅಲ್ಲಿ ತಾಗಿದರೆ ಬೌಂಡರಿ. ಕೆಲವರು ಮರದ ಗೆರೆ ಎಣಿಸುತ್ತಾರೆ, ಕೆಲವರು ಸ್ಟಿಕ್ಕರ್ ನೋಡಿ ಮರುಳಾಗುತ್ತಾರೆ. ಗೆರೆ ಸುಳ್ಳು ಹೇಳುತ್ತದೆ, ಸ್ಟಿಕ್ಕರಂತೂ ಹುಟ್ಟಿದ್ದೇ ಅದಕ್ಕೆ. ಬ್ಯಾಟೆಂದರೆ ಸದ್ದು, ಅಷ್ಟೇ. ನಾನು ಬಹಳ ದೊಡ್ಡ ಆಟಗಾರನೇನಲ್ಲ. ಆದರೆ "ಅವನ ಕಿವಿಗೆ ಕೊಟ್ಟು ನೋಡು" ಎಂಬ ಮಾತು ಟೀಮಿನಲ್ಲಿತ್ತು. ಅದೊಂದೇ ನನ್ನ ಹೆಚ್ಚುಗಾರಿಕೆ.

ಈ ಗೆಳೆಯ ಉಡುಪಿಯ ಕಡೆಯವನು. ಮಸ್ಕತ್ತಿನಲ್ಲಿ ಹನ್ನೊಂದು ವರ್ಷ ನನ್ನ ಜೊತೆ ಓಪನಿಂಗ್ ಆಡಿದವನು. ಅವನ ಹೆಂಡತಿ ನರ್ಸು. ಅವಳಿಗೆ ಅಮೆರಿಕದಲ್ಲಿ ಕೆಲಸ ಸಿಕ್ಕಿದ್ದರಿಂದ ಹಿಂದಿನ ವರ್ಷ ಸಂಸಾರ ಸಮೇತ ಹೋದ. ಒಳ್ಳೆಯ ಆಟಗಾರ. ಒಂದೇ ದೋಷ. ಕೊನೆಯ ಎರಡು ಸೀಸನ್‌ಗಳಲ್ಲಿ ಅವನಿಗೆ ಟ್ರಾಫಿಕ್ ಪೊಲೀಸಿನ ಹಾಗೆ ಕೈ ಆಡಿಸುವ ಚಟ ಹಿಡಿಯಿತು. ರನ್ನಿಗೆ ಓಡಬೇಕಾದರೆ ಒಂದು ಕೈ ಮೇಲೆತ್ತುವುದು, ಬೇಡವಾದರೆ ಅಂಗೈ ಅಡ್ಡ ಹಿಡಿಯುವುದು. "ಬಾಯಿಲ್ವಾ ನಿಂಗೆ? ಕ್ರಿಕೆಟ್ ಆಡ್ಲಿಕ್ಕೆ ಬಂದದ್ದಾ, ರಿಕ್ಷಾ ನಿಲ್ಲಿಸ್ಲಿಕ್ಕಾ?" ಎಂದು ಪಿಚ್ಚಿನ ನಡುವೆಯೇ ಬೈದಿದ್ದೇನೆ. ನಕ್ಕು ಸುಮ್ಮನಾಗುತ್ತಿದ್ದ. ಮುಂದಿನ ಬಾಲಿಗೆ ಮತ್ತೆ ಕೈ. ಅವನು ಹೋದ ಮೇಲೆ ಬಂದ ಹೊಸ ಜೊತೆಗಾರನಿಗಂತೂ ರನ್ನಿಗೆ ಕೂಗಿ ಕರೆಯಲಿಕ್ಕೇ ಬಾರದು. ಈ ಸೀಸನ್ನಿನಲ್ಲಿ ನಾನು ಐದು ಸಲ ರನ್‌ಔಟಾದೆ, ಐದು ಸಲವೂ ಅವನ ತಪ್ಪಿನಿಂದ.

ನನ್ನ ಕೆಲಸ ಮಸ್ಕತ್ತಿನ ಘಾಲಾದಲ್ಲಿ, ಲಾರಿಗಳಿಗೆ ಬಾಡಿ ಕಟ್ಟುವ ವರ್ಕ್‌ಶಾಪಿನಲ್ಲಿ. ಇಪ್ಪತ್ತೆರಡು ವರ್ಷದಿಂದ ಅಲ್ಲೇ ಸೂಪರ್‌ವೈಸರ್. ಇಡೀ ದಿನ ತಗಡು ಬಡಿಯುವ ಸುತ್ತಿಗೆ, ಗ್ರೈಂಡರು, ಕಂಪ್ರೆಸರು. ಕಿವಿ ಮುಚ್ಚಿಕೊಳ್ಳಲು ಕಂಪನಿ ಕೊಟ್ಟ ಮಫ್ ನನ್ನ ಕ್ಯಾಬಿನ್ನಿನ ಮೊಳೆಯಲ್ಲಿ ನೇತಾಡುತ್ತಿದೆ. ಅದನ್ನು ಹಾಕಿಕೊಂಡರೆ ಕೆಲಸದವರು ಕರೆದದ್ದು ಕೇಳುವುದಿಲ್ಲ ಎಂದು ನಾನು ಯಾವತ್ತೂ ಹಾಕಿಕೊಂಡವನಲ್ಲ.

ಗ್ಯಾರೇಜುಗಳ ಹಿಂದಿನ ಗಲ್ಲಿಯಲ್ಲಿ ಪಾಕಿಸ್ತಾನದ ಸಿಯಾಲ್‌ಕೋಟಿನ ಮುದುಕನೊಬ್ಬನ ಅಂಗಡಿಯಿದೆ. ಬ್ಯಾಟು ಮಾರುತ್ತಾನೆ, ಮುರಿದ ಹಿಡಿ ಬದಲಿಸುತ್ತಾನೆ. ಹದಿನೈದು ವರ್ಷದ ಪರಿಚಯ. ಮಂಗಳವಾರ ಕೆಲಸ ಬಿಟ್ಟು ನೇರ ಅಲ್ಲಿಗೆ ಹೋದೆ. ಅಮೆರಿಕಕ್ಕೆ ಎಂದ ಕೂಡಲೇ ಅವನು ಉತ್ಸಾಹದಿಂದ ಏಳು ಬ್ಯಾಟು ತೆಗೆದು ಗೋಡೆಗೆ ಒರಗಿಸಿದ. ಒಂದನ್ನು ತಾನೇ ನನ್ನ ಕೈಗೆ ಕೊಟ್ಟ. ಬಾಲಿನಿಂದ ಬಡಿದೆ. ದಬ್. ಮೇಲೆ ಬಡಿದೆ. ದಬ್. ಎರಡನೆಯದು, ಮೂರನೆಯದು, ಏಳೂ ಹಾಗೆಯೇ, ಮಣ್ಣಿನ ಗೋಡೆಗೆ ಬಡಿದ ಹಾಗೆ. ಇನ್ನೊಂದು ಸುತ್ತು ಬಡಿದೆ. ಒಳಗೆಲ್ಲೋ ಒಂದು ಅನುಮಾನ ತಲೆಯೆತ್ತಿತು. ನಾನು ಅದರ ತಲೆಯ ಮೇಲೆ ಕೂತು, ಸಿಟ್ಟನ್ನೆಲ್ಲ ಮುದುಕನ ಮೇಲೆ ಹಾಕಿದೆ.

"ಎಂಥ ಸ್ಟಾಕು ಇದು? ಒಂದಕ್ಕೂ ಜೀವ ಇಲ್ಲ" ಎಂದು ನನ್ನ ಹರಕು ಹಿಂದಿಯಲ್ಲಿ ಕೂಗಿದೆ. ವಯಸ್ಸಾಯಿತು, ಮರ ಗುರುತಿಸಲು ಬರುವುದಿಲ್ಲ, ಗಿರಾಕಿಗೆ ಮೋಸ ಮಾಡಬೇಡ ಎಂದೆಲ್ಲ ಹೇಳಿದೆ.

"ಉಸ್ತಾದ್‌ಜೀ, ಮಾಲ್ ಖರಾಬ್ ನಹೀ ಹೈ" ಎಂದಷ್ಟೇ ಹೇಳಿ, ಅವನು ಬ್ಯಾಟುಗಳನ್ನು ಒಂದೊಂದಾಗಿ ಕವರಿನೊಳಗೆ ಹಾಕತೊಡಗಿದ.

ಶುಕ್ರವಾರ ಕಾರಿನಲ್ಲಿ ಸಮುದ್ರದಂಚಿನ ಊರು ಬರ್ಕಾಕ್ಕೆ ಹೊರಟೆ. ಅಲ್ಲಿಯ ಒಂದು ಅಂಗಡಿಗೆ ಹೊಸ ಬ್ಯಾಟುಗಳು ಬಂದಿವೆ ಎಂದು ಟೀಮಿನವರು ಹೇಳಿದ್ದರು. ಅದಕ್ಕಾಗಿ ಮ್ಯಾಚನ್ನೇ ಬಿಟ್ಟೆ. ಬರ್ಕಾದಲ್ಲಿ ಮೀನು ತಾಜಾ ಸಿಗುತ್ತದೆಂದು ಹೆಂಡತಿಯೂ ಹೊರಟಳು. ಮದುವೆಯಾದಾಗಿನಿಂದ ನನ್ನ ಶುಕ್ರವಾರಗಳೆಲ್ಲ ಕ್ರಿಕೆಟ್ಟಿಗೆ ಹೋಗಿವೆ, ಆ ಸಿಟ್ಟಿಗೆ ಅವಳು ಇವತ್ತಿನವರೆಗೂ ಗ್ರೌಂಡಿಗೆ ಕಾಲಿಟ್ಟವಳಲ್ಲ. ದಾರಿಯುದ್ದಕ್ಕೂ ಏನೋ ಹೇಳುತ್ತಿದ್ದಳು. ಎಸಿಯ ಗದ್ದಲದಲ್ಲಿ ನನಗೆ ಎಲ್ಲ ತಿಳಿಯಲಿಲ್ಲ. ಹೂಂ ಹೂಂ ಎಂದೆ.

ಮೀನು ಕೊಂಡು ಐಸ್ ಹಾಕಿಸಿ ಅಂಗಡಿಗೆ ಹೋದೆವು. ಶಾಲೆಯ ಚೀಲ, ಫುಟ್‌ಬಾಲು, ಪ್ಲಾಸ್ಟಿಕ್ ಕುರ್ಚಿಗಳ ನಡುವೆ ಐದು ಬ್ಯಾಟುಗಳು. ಹೆಂಡತಿ ಒಂದು ಕುರ್ಚಿಯಲ್ಲಿ ಕೂತು ಫೋನ್ ನೋಡುತ್ತಿದ್ದಳು. ನಾನು ಬಡಿದೆ. ದಬ್, ದಬ್, ದಬ್. ಐದನ್ನೂ ಮುಗಿಸಿ, "ಸಮುದ್ರದ ಗಾಳಿ, ಮರ ಎಲ್ಲ ನೀರು ಕುಡಿದಿದೆ. ನಡಿ, ಮುಂದಿನ ಪೇಟೆ ಸುವೈಕಿಗೆ ಹೋಗುವ" ಎಂದೆ.

"ಮೂರನೇದು ಒಳ್ಳೇದಿತ್ತಲ್ಲ?" ಎಂದಳು ಹೆಂಡತಿ.

"ಎಂಥ ಒಳ್ಳೇದು? ನಿಂಗೆಂಥ ಗೊತ್ತುಂಟು?"

"ಬ್ಯಾಟು ಗೊತ್ತಿಲ್ಲ. ಸದ್ದು ಗೊತ್ತಾಗ್ತದಲ್ಲ. ಬೇರೆದ್ದೆಲ್ಲ ಎಳೆಕಾಯಿ ಹಾಗೆ. ಅದೊಂದು ಬಲಿತ ತೆಂಗಿನಕಾಯಿ ಬಡಿದ ಹಾಗೆ ಟಣ್ ಅಂತು."

ಎದ್ದು ಬಂದು ನನ್ನ ಕೈಯಿಂದ ಬಾಲು ತೆಗೆದುಕೊಂಡಳು. ಎರಡನೆಯದನ್ನು ಬಡಿದು, "ಇದು" ಎಂದಳು. ಮೂರನೆಯದನ್ನು ಬಡಿದು, "ಇದು" ಎಂದಳು. ಎಷ್ಟು ಬೆಲೆಯಾದರೂ ಒಂದು ತೆಂಗಿನಕಾಯಿಯನ್ನು ಬಡಿದು ನೋಡದೆ ಕೊಂಡವಳಲ್ಲ ಅವಳು. ಬೆರಳ ಗಂಟಿನಿಂದ ಕುಟ್ಟಿ, ತಲೆ ಓರೆ ಮಾಡಿ ಕೇಳುತ್ತಾಳೆ. ಇಲ್ಲಿಯೂ ತಲೆ ಓರೆ ಮಾಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ನಿಮ್ಗೆ ವ್ಯತ್ಯಾಸ ಕೇಳುದಿಲ್ವಾ?"

ಅಂಗಡಿಯವನು ನಮ್ಮಿಬ್ಬರನ್ನು ನೋಡುತ್ತಿದ್ದ. ನಾನು ಬ್ಯಾಟುಗಳನ್ನು ಅಲ್ಲಿಯೇ ಒರಗಿಸಿ ಹೊರಗೆ ಬಂದೆ.

ಕಾರಿನಲ್ಲಿ ಕೂತ ಮೇಲೆ ಅವಳು ನಿಧಾನವಾಗಿ, ಬಾಯಿ ಬಿಡಿಸಿ ಬಿಡಿಸಿ ಹೇಳಿದಳು. "ಎರಡು ವರ್ಷದಿಂದ ಹೇಳ್ತಾ ಇದ್ದೇನೆ, ಡಾಕ್ಟ್ರ ಹತ್ರ ತೋರಿಸುವ ಅಂತ. ನೀವು ಟಿವಿ ಸರಿಯಿಲ್ಲ ಅಂತ ಹೊಸ ಟಿವಿ ತಂದ್ರಿ. ಮಕ್ಳು ಗೊಣಗ್ತಾರೆ ಅಂತ ಮಕ್ಳಿಗೆ ಬೈದ್ರಿ. ಬರ್ತಾ ದಾರಿಯಲ್ಲಿ ನಾನು ಅದನ್ನೇ ಹೇಳಿದ್ದು. ನೀವು ಹೂಂ ಹೂಂ ಅಂದ್ರಿ."

ನಾನು ಜಗಳ ಆಡಿದೆ. ವರ್ಕ್‌ಶಾಪಿನಲ್ಲಿ ಎಲ್ಲರ ಮಾತೂ ಕೇಳುತ್ತದೆ ಎಂದೆ. ಅಲ್ಲಿ ಎಲ್ಲರೂ ಕೂಗಿಯೇ ಮಾತಾಡುತ್ತಾರೆ ಎಂದು ಅವಳು ನೆನಪಿಸಿದಳು. ಹೇಳಲು ನಾಚಿಕೆ, ಮನೆಗೆ ವಾಪಸಾಗುತ್ತ ಸೀಬ್ ದಾಟುವಾಗ ನನಗೆ ಅಳು ಬಂತು. ಕಿವಿ ಹೋದದ್ದಕ್ಕಿಂತ ಹೆಚ್ಚಾಗಿ, ಹೋದದ್ದು ಬೇರೆಯವರಿಗೆ ಗೊತ್ತಾಗಿ ನನಗೇ ಗೊತ್ತಾಗದ್ದಕ್ಕೆ. ಇನ್ನು ಟೀಮಿನಲ್ಲಿ ಯಾರಾದರೂ ಬ್ಯಾಟು ತಂದು ಕೈಗೆ ಕೊಟ್ಟರೆ ಏನು ಮಾಡಲಿ? ಬಡಿದು, ತಲೆಯಾಡಿಸಿ, ಅಂದಾಜಿಗೆ ಏನೋ ಒಂದು ಹೇಳಲೇ? ಹಾಗೆ ಹೇಳುತ್ತಲೇ ಎಷ್ಟು ದಿನವಾಯಿತೋ ಯಾರಿಗೆ ಗೊತ್ತು.

ಬರ್ಕಾದ ಆ ಮೂರನೆಯ ಬ್ಯಾಟು ಎಷ್ಟು ಒಳ್ಳೆಯದಾದರೂ ಮೂರು ಪೌಂಡಿನ ಹತ್ತಿರ ಇತ್ತು. ಗೆಳೆಯನ ಮೊಣಕೈಗೆ ಆಗದು. ಭಾನುವಾರ ಸೂಟ್‌ಕೇಸು ಹೊರಡುತ್ತದೆ. ಉಳಿದದ್ದು ಒಂದೇ ದಾರಿ, ನಾನು ಬೈದು ಬಂದ ಮುದುಕ.

ಶನಿವಾರ ಸಂಜೆ ಇಬ್ಬರೂ ಹೋದೆವು. ನನ್ನನ್ನು ಕಂಡು ಅವನು ಮುಖ ತಿರುಗಿಸಿದ. ಹೆಂಡತಿಯನ್ನು ಕಂಡು ಎದ್ದು ಸ್ಟೂಲು ಕೊಟ್ಟ, ಚಹಾ ತರಿಸಿದ. ಏಳು ಬ್ಯಾಟುಗಳನ್ನು ಮತ್ತೆ ಗೋಡೆಗೆ ಒರಗಿಸಿದ. ನಾನು ಒಂದೊಂದನ್ನೇ ಎತ್ತಿ ಬೀಸಿ ನೋಡಿದೆ. ಭಾರ ಕೆಳಗಿದ್ದದ್ದನ್ನು ತೆಗೆದಿಟ್ಟೆ, ಹಿಡಿ ಚಪ್ಪಟೆಯಾದದ್ದನ್ನು ತೆಗೆದಿಟ್ಟೆ. ಮೂರು ಉಳಿದವು. ಆ ಮೂರನ್ನು ನಾನು ಎರಡು ಬೆರಳಲ್ಲಿ ಹಿಡಿದು ನಿಂತೆ, ಅವಳು ಬಾಲು ಬಡಿದಳು. ಎರಡು ಬ್ಯಾಟುಗಳ ಹಿಡಿ ನನ್ನ ಬೆರಳಲ್ಲಿ ಜುಮುಜುಮು ಎಂದಿತು. ಒಂದರದ್ದು ಒಂದು ಜಾಗದಲ್ಲಿ ಏನೂ ಅನ್ನಲಿಲ್ಲ, ಅಲ್ಲಾಡಲೂ ಇಲ್ಲ. ಸರಿಯಾದ ಜಾಗಕ್ಕೆ ತಾಗಿದ ಬಾಲು ಕೈಗೆ ತಿಳಿಯುವುದಿಲ್ಲ ಎಂದು ಆಡಿದವನಿಗೆ ಗೊತ್ತು. ನಾನು ಬಾಯಿ ತೆರೆಯುವುದರೊಳಗೆ ಅವಳು "ಇದೇ" ಎಂದಳು.

ಮುದುಕ ನಕ್ಕ. ಮಂಗಳವಾರ ಮೊದಲು ಕೈಗೆ ಕೊಟ್ಟದ್ದು ಅದನ್ನೇ ಎಂದು ನನಗೂ ಕೇಳುವ ಹಾಗೆ ಜೋರಾಗಿ ಹೇಳಿದ. ನಾನು ಮಾಫ್ ಕರೋ ಎಂದೆ. "ಖಲಾಸ್, ಉಸ್ತಾದ್‌ಜೀ" ಎಂದು ಬ್ಯಾಟಿಗೆ ಎಣ್ಣೆ ಸವರಲು ಕೂತ. ನನ್ನ ಕಿವಿಯ ಸಂಗತಿ ಅವನಿಗೂ ಆ ಮಂಗಳವಾರವೇ ಗೊತ್ತಾಗಿತ್ತೋ ಏನೋ.

ಬ್ಯಾಟು ಹೋಯಿತು. "ಸದ್ದು ಕೇಳಿಯೇ ಆರಿಸಿದ್ದೇನೆ" ಎಂದು ಗೆಳೆಯನಿಗೆ ಬರೆದೆ. ಸುಳ್ಳೇನಲ್ಲ, ಯಾರು ಕೇಳಿದ್ದು ಎಂದು ಬರೆಯಲಿಲ್ಲ ಅಷ್ಟೇ.

ಮೇ ತಿಂಗಳಲ್ಲಿ ಒಂದು ವಿಡಿಯೋ ಬಂತು. ಯಾರೋ ಬೌಂಡರಿಯ ಹೊರಗಿನಿಂದ ತೆಗೆದದ್ದು. ಸುತ್ತ ದೊಡ್ಡ ಮರಗಳು, ನಮ್ಮ ಕಲ್ಲುಮಣ್ಣಿನ ಗ್ರೌಂಡು ನೋಡಿದ ಕಣ್ಣಿಗೆ ಕುಕ್ಕುವಷ್ಟು ಹಸುರು ಹುಲ್ಲು, ಸ್ವೆಟರ್ ಹಾಕಿಕೊಂಡ ನನ್ನ ಗೆಳೆಯ. ಬಾಲು ಎದೆಯೆತ್ತರಕ್ಕೆ ಬರುತ್ತದೆ, ಬ್ಯಾಟು ಬೀಸುತ್ತಾನೆ. "ಒಂದು ಬಾಲೂ ಬ್ಯಾಟಿನ ತುದಿಗೆ ತಾಗ್ಲಿಲ್ಲ, ಎಲ್ಲ ಮಧ್ಯಕ್ಕೇ ಬರ್ತದೆ ಮಾರಾಯ" ಎಂದು ಕೆಳಗೆ ಬರೆದಿದ್ದ. ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಗಾಳಿಯಂಥದ್ದೇನೋ ಕೇಳಿತು, ಅಷ್ಟೇ. ಹೆಂಡತಿಗೆ ಕೊಟ್ಟೆ.

"ಟಣ್ ಅಂತ ಉಂಟು, ಲಾಯ್ಕುಂಟು" ಎಂದಳು.

ಸದ್ದಿನ ಆಸೆ ಬಿಟ್ಟು ಇನ್ನೊಮ್ಮೆ ಸುಮ್ಮನೆ ನೋಡಿದೆ. ಬಾಲು ಹೋಗುತ್ತದೆ. ಗೆಳೆಯನ ಬಾಯಿ ತೆರೆಯುತ್ತದೆ, ಆಚೆಯವನು ಓಡುತ್ತಾನೆ. ಇನ್ನೊಂದು ಬಾಲು. ಬಾಯಿ ತೆರೆಯುತ್ತದೆ, ಓಡುತ್ತಾರೆ. ಮತ್ತೊಂದಕ್ಕೆ ಬೇಡ ಎಂದು ಕೂಗಿರಬೇಕು, ಆಚೆಯವನು ನಿಲ್ಲುತ್ತಾನೆ. ಬಾಯಿ ಮಾತ್ರ. ಕೈ ಎಲ್ಲಿ? ಪೊಲೀಸಿನ ಹಾಗೆ ಎತ್ತುತ್ತಿದ್ದ ಆ ಕೈ ಎಲ್ಲಿ?

ಅದು ಚಟವಾಗಿರಲಿಲ್ಲ. ನನಗಾಗಿ ಎತ್ತುತ್ತಿದ್ದ ಕೈ ಅದು. ಎರಡು ಸೀಸನ್ ಅವನು ಕೂಗಿದ್ದು ನನಗೆ ಕೇಳುವುದಿಲ್ಲವೆಂದು ತಿಳಿದು, ನಾನು ರನ್‌ಔಟ್ ಆಗದ ಹಾಗೆ ನೋಡಿಕೊಂಡಿದ್ದ. ಪಿಚ್ಚಿನ ನಡುವೆ ಎಲ್ಲರೆದುರು ನನ್ನಿಂದ ಬೈಸಿಕೊಂಡು ನಕ್ಕಿದ್ದ. ಪಟ್ಟಿಯಲ್ಲಿ ತೂಕ, ಹಿಡಿ, ಗ್ರಿಪ್ಪು ಎಲ್ಲ ಬರೆದು, ಸದ್ದಿನ ಮಾತನ್ನು ಬೇಕೆಂದೇ ಬಿಟ್ಟಿದ್ದ. ಒಂದು ದಿನವಾದರೂ ಹೇಳಬಾರದಿತ್ತೇ ಎಂದು ಅವನ ಮೇಲೆ ಸಿಟ್ಟು ಬಂತು. ಹೇಳಿದ್ದರೆ ನಾನು ಅವನ ಜೊತೆ ಮಾತು ಬಿಡುತ್ತಿದ್ದೆ. ಅದೂ ಅವನಿಗೆ ಗೊತ್ತಿತ್ತು.

"ಇನ್ನೊಮ್ಮೆ ಹಾಕಿ, ನಾನು ಆರಿಸಿದ ಬ್ಯಾಟಲ್ವಾ" ಎಂದಳು ಹೆಂಡತಿ, ನನ್ನ ಭುಜ ತಟ್ಟಿ. ಹಾಕಿದೆ. ಅವಳು ತಲೆ ಓರೆ ಮಾಡಿ ಕೇಳುತ್ತಿದ್ದಳು. ನಾನು ಅವನ ಕೈಯನ್ನೇ ನೋಡುತ್ತ ಕೂತೆ. ಅದು ಏಳಲೇ ಇಲ್ಲ.