ರಾಣಿಯ ಬೆನ್ನಿನ ಪಟ್ಟಿ

ಮೊನ್ನೆ ಬಾಗಲಗುಂಟೆಯ ಒಂದು ಬಾಡಿಗೆ ಕೋಣೆಯ ಮುಂದೆ ಚಪ್ಪಲಿ ಬಿಡುತ್ತಿದ್ದಾಗ ಒಳಗಿಂದ ಬಾಣಂತಿ ಮನೆಯ ವಾಸನೆ ಬಂತು: ಸಾಂಬ್ರಾಣಿ, ಹರಳೆಣ್ಣೆ, ಬೆಳ್ಳುಳ್ಳಿ. ನಿಮಗೂ ಗೊತ್ತಿರುವ ವಾಸನೆಯೇ. ಇದಕ್ಕೆ ಮನಸ್ಸು ಹಗುರಾಗಬೇಕು. ನನಗೆ ಒಂದು ನಾಯಿ ನೆನಪಾಯಿತು.

ಪೀಣ್ಯದ ನಮ್ಮ ಶೆಡ್ಡಿನಲ್ಲಿ ಕಬ್ಬಿಣದ ಸಾಮಾನಿಗೆ ಬಣ್ಣದ ಪುಡಿ ಹಿಡಿಸಿ ದೊಡ್ಡ ಓವನ್ನಿನಲ್ಲಿ ಬೇಯಿಸುತ್ತೇವೆ. ನಾನಲ್ಲಿ ಸೂಪರ್‌ವೈಸರ್, ಅಂದರೆ ಬೇರೆಯವರು ಕೆಲಸ ಮಾಡುವಾಗ ಹತ್ತಿರ ನಿಲ್ಲುವವನು. ರಾಣಿ ಶೆಡ್ಡಿನ ನಾಯಿ. ಆದರೆ ಅವಳು ಮಾತು ಕೇಳುತ್ತಿದ್ದದ್ದು ಪ್ಯಾಕಿಂಗಿನ ಲಕ್ಷ್ಮವ್ವನದು ಮಾತ್ರ. ಇಬ್ಬರೂ ಒಂದೇ ಡಬ್ಬಿಯ ರೊಟ್ಟಿ ತಿಂದವರು.

ಹಿಂದೊಮ್ಮೆ ಮರಿಗಳು ಹೊಟ್ಟೆಯಲ್ಲೇ ಸತ್ತು, ಪಶು ಆಸ್ಪತ್ರೆಯ ಡಾಕ್ಟರು ರಾಣಿಯ ಗರ್ಭಕೋಶವನ್ನೇ ತೆಗೆಯಬೇಕಾಯಿತು. ನೋವು ತಿಳಿಯದಿರಲೆಂದು ಬೆನ್ನಿನ ಕೂದಲು ಬೋಳಿಸಿ ಒಂದು ಪಟ್ಟಿ ಅಂಟಿಸಿದರು. ಅಫೀಮಿನ ಜಾತಿಯ ಮದ್ದು, ಚರ್ಮದೊಳಗೆ ನಿಧಾನವಾಗಿ ಇಳಿಯುತ್ತದೆ ಎಂದರು. "ನೆಕ್ಕೋಕೆ ಬಿಡ್ಬೇಡಿ. ಬಿಸಿ ತಾಗಿಸ್ಬೇಡಿ." ನಾವೆಲ್ಲ ತಲೆಯಾಡಿಸಿದೆವು. ನಾಯಿಗೆ ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ?

ಲಕ್ಷ್ಮವ್ವ ಅವಳ ಕಿವಿಗೆ ಬಟ್ಟೆ ಕಟ್ಟಿ, ಓವನ್ನಿನ ಪಕ್ಕಕ್ಕೇ ಗೋಣಿ ಹಾಸಿ, ಬೆನ್ನು ಆ ಕಡೆ ಮಾಡಿ ಮಲಗಿಸಿದಳು.

"ಕೂಸಿಲ್ಲದಿದ್ರ ಏನಾತ್ರೀ ಸಾರ್? ಹೊಟ್ಟಿ ಕೊಯ್ಸ್ಕೊಂಡಾಳ. ಬಾಣಂತಿನ ಅಕಿ. ಬೆಚ್ಚಗಿರಬೇಕು."

"ನೋಡಿ ಸಾರ್," ಎಂದ ಓವನ್ ನೋಡಿಕೊಳ್ಳುವ ಮಂಜ. "ಡಬಲ್ ಶಿಫ್ಟ್ ಮಾಡಿದ್ರೂ ನಮಗೆ ಇಂಥ ನಿದ್ದೆ ಇಲ್ಲ."

ನಕ್ಕೆವು.

ಸಂಜೆ ರೊಟ್ಟಿ ಮುರಿದು ಮೂಗಿಗೆ ಹಿಡಿದರೂ ರಾಣಿ ಕಣ್ಣು ತೆರೆಯಲಿಲ್ಲ. ಪಕ್ಕೆ ಒಮ್ಮೆ ಏರಿ ಇಳಿದರೆ, ಮತ್ತೆ ಏರುವುದನ್ನು ಕಾಯಬೇಕಾಗಿತ್ತು. ಆಟೋದಲ್ಲಿ ಒಯ್ದೆವು. ಡಾಕ್ಟರು ಬೆನ್ನು ಮುಟ್ಟಿ ನೋಡಿ ಪಟ್ಟಿ ಕಿತ್ತರು. ಓವನ್ನಿನ ಕಾವಿಗೆ ಮದ್ದು ಬೇಗಬೇಗ ಒಳಗಿಳಿದಿತ್ತು. ಅದನ್ನು ಮುರಿಯುವ ಇಂಜೆಕ್ಷನ್ ಕೊಟ್ಟರು. ರಾಣಿಗೆ ಎಚ್ಚರವಾಯಿತು, ನೋವಿಗೂ ಎಚ್ಚರವಾಯಿತು. ಆ ಕೂಗನ್ನು ನಾನು ಬರೆಯಲಾರೆ. ಬೇರೆ ಮದ್ದು ಹಿಡಿಯುವವರೆಗೂ ಲಕ್ಷ್ಮವ್ವ ಗೋಡೆಗೆ ಮುಖ ಮಾಡಿ ನಿಂತಿದ್ದಳು. ವಾಪಸ್ ಬರುವಾಗ ಆಟೋದಲ್ಲಿ ಯಾರೂ ಮಾತಾಡಲಿಲ್ಲ.

ರಾಣಿ ಬದುಕಿದಳು. ಈಗಲೂ ಊಟದ ಹೊತ್ತಿಗೆ ಲಕ್ಷ್ಮವ್ವನ ಡಬ್ಬಿಯ ಮುಂದೆ ಹಾಜರು. ಲಕ್ಷ್ಮವ್ವ ರೊಟ್ಟಿ ಎಸೆಯುತ್ತಾಳೆ, ರಾಣಿಯನ್ನು ಮುಟ್ಟುವುದಿಲ್ಲ.

ಮೊನ್ನೆ ನಾನು ಹೋದದ್ದು ಲಕ್ಷ್ಮವ್ವನ ಮಗಳ ಕೂಸು ನೋಡಲು. ಮಗಳು ಹಗ್ಗದ ಹೊರಸಿನ ಮೇಲೆ ಕೂಸಿನ ಪಕ್ಕ ಕಂಬಳಿ ಹೊದ್ದು ನಡುಗುತ್ತಿದ್ದಳು.

"ಯವ್ವಾ, ಎಲ್ಲಾರ ಮನ್ಯಾಗೂ ಹೊರಸಿನ ಬುಡಕ ಕೆಂಡ ಇಡ್ತಾರ. ನೀ ಯಾಕ ಇಡವಲ್ಲಿ?"

ಕೆಂಡ ತುಂಬಿದ ಬಾಣಲೆ ಹೊಸ್ತಿಲ ಹೊರಗೇ ಇತ್ತು. ಲಕ್ಷ್ಮವ್ವ ನನ್ನತ್ತ ನೋಡಿದಳು.

"ಇವರ ಮೈಮೇಲೆ ಆ ಪಟ್ಟಿ ಇಲ್ವಲ್ಲ ಲಕ್ಷ್ಮವ್ವ," ಎಂದೆ. "ಬಾಗಿಲು ತೆಗೆದಿಟ್ಟು ತನ್ನಿ. ರಾಣಿಗೆ ನೀವು ಮಾಡಿದ್ದೂ ಆರೈಕೆನೇ."

ಈ ಮಾತನ್ನು ಅವತ್ತೇ, ಆಟೋದಲ್ಲೇ ಹೇಳಬಹುದಿತ್ತು.

ಅವಳು ಕೆಂಡ ತಂದಿಟ್ಟಳು. ಆಮೇಲೆ ಹೊರಸಿನ ಪಕ್ಕ ಕೂತು ಒಂದು ಕೈಯನ್ನು ಕೂಸಿನ ಪಕ್ಕೆಯ ಮೇಲಿಟ್ಟಳು. ಅದು ಏರುವುದನ್ನು, ಇಳಿಯುವುದನ್ನು, ಮತ್ತೆ ಏರುವುದನ್ನು ನಾವಿಬ್ಬರೂ ನೋಡುತ್ತ ಕೂತೆವು. ನನಗೆಂದು ಕೊಟ್ಟ ಚಹಾ ಆರಿತು.