ಅಡ್ಡಗೆರೆಯ ಸೀರೆ

ಹೋದ ವಾರ ಮದುವೆಯೊಂದಕ್ಕೆ ಹೊರಡಲೆಂದು ಬೀರು ತೆಗೆದಾಗ ಅಡಿಯಲ್ಲಿದ್ದ ಹಸಿರು ಸೀರೆ ಕೈಗೆ ಬಂತು. ಬಿಡಿಸಿದೆ. ಸೆರಗಿನ ಹತ್ತಿರ ಈ ಅಂಚಿನಿಂದ ಆ ಅಂಚಿನವರೆಗೆ ಒಂದು ಅಡ್ಡಗೆರೆ. ಕೊಳ್ಳುವವರು ಇಂಥ ಸೀರೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ನನಗೆ ಮಾತ್ರ ಅದನ್ನು ಮುಟ್ಟಿದ ಕೂಡಲೇ ಗಂಧದ ವಾಸನೆ ನೆನಪಾಯಿತು... ಎದುರುಮನೆ ಅತ್ತೆ ನೆನಪಾದರು.

ದೊಡ್ಡಬಳ್ಳಾಪುರದ ನಮ್ಮ ಬೀದಿಯಲ್ಲಿ ಮನೆಮನೆಗೂ ಮಗ್ಗ. ಎಲ್ಲವೂ ಒಟ್ಟಿಗೆ ಓಡುವಾಗ ಕೂಗಿಯೇ ಮಾತಾಡಬೇಕಿತ್ತು. ಅತ್ತೆ ನಮಗೆ ಸಂಬಂಧಿಕರೇನಲ್ಲ. ಆದರೂ ಅಮ್ಮ ನನ್ನ ಕಾಯಿಲೆಯನ್ನು ಹೇಳಿಕೊಂಡದ್ದು ಅವರೊಬ್ಬರಿಗೇ. ನಾನಾಗ ಎರಡನೇ ಕ್ಲಾಸು. ನನಗೆ ರಕ್ತದ ಕ್ಯಾನ್ಸರ್ ಇತ್ತು. ಬೆಂಗಳೂರಿನ ಆಸ್ಪತ್ರೆಗೆ ಹೋಗಿ ಔಷಧಿ ಏರಿಸಿಕೊಂಡು ಬರುತ್ತಿದ್ದೆ. ಹೆಣ್ಣುಮಗು, ನಾಲ್ಕು ಜನಕ್ಕೆ ಗೊತ್ತಾದರೆ ನಾಳೆ ಯಾರು ಮದುವೆಯಾಗುತ್ತಾರೆ ಎನ್ನುವುದು ಅಮ್ಮನ ಚಿಂತೆ. ಮಗು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲ, ಮದುವೆಯ ಚಿಂತೆ! ಈಗ ನನಗೆ ನಗು ಬರುತ್ತದೆ. ಆಗ ಮನೆಯಲ್ಲಿ ಯಾರೂ ನಗುತ್ತಿರಲಿಲ್ಲ.

ಕೂದಲು ಉದುರಿದಾಗ ದಾರಿ ಹುಡುಕಿದವರು ಅತ್ತೆಯೇ. ಶಿವಗಂಗೆಯಲ್ಲಿ ಮಗುವಿನ ಮುಡಿ ಕೊಟ್ಟು ಬಂದರು ಎಂದು ಬೀದಿಗೆಲ್ಲ ಹೇಳಿದರು. ಸುಳ್ಳು ನಿಲ್ಲಬೇಕಲ್ಲ, ದಿನಾ ಬೆಳಿಗ್ಗೆ ಬಂದು ನನ್ನ ಬೋಳುತಲೆಗೆ ಗಂಧ ಹಚ್ಚುತ್ತಿದ್ದರು. ತಣ್ಣಗೆ ಹಾಯೆನಿಸುತ್ತಿತ್ತು. ತಿಂಗಳುಗಳು ಕಳೆದರೂ ಕೂದಲು ಬರದಿದ್ದಾಗ ಮೂಲೆಮನೆಯಾಕೆಗೆ ಅನುಮಾನ ಬಂತು.

"ಯಾವಾಗ್ ಕೊಟ್ಟಿದ್ದು ಮುಡಿನ? ಇನ್ನೂ ಗಂಧ ಹಚ್ತಾನೇ ಇದೀರಲ್ಲ?"

"ಒಂದ್ಸಲಕ್ಕೆ ತೀರೋ ಹರಕೆ ಅಲ್ಲ ಕಣಮ್ಮ ಇದು," ಎಂದು ಅತ್ತೆ ಸ್ವಲ್ಪವೂ ಅಳುಕದೆ ಹೇಳಿದರು.

ಮೂಲೆಮನೆಯಾಕೆಯೇ ಶಿವಗಂಗೆ ಬೆಟ್ಟಕ್ಕೆ ಹೋಗಿ ನನಗೆಂದು ತೀರ್ಥ ತಂದುಕೊಟ್ಟಾಗ ಅತ್ತೆ ಪೇಚಿಗೆ ಸಿಕ್ಕಿದರು. ಡಾಕ್ಟರು ಕುದಿಸಿ ಆರಿಸಿದ ನೀರನ್ನಷ್ಟೇ ಕೊಡಿ ಎಂದಿದ್ದರು. ಅತ್ತೆ ತೀರ್ಥಕ್ಕೆ ಕೈಮುಗಿದು, ಒಲೆಯ ಮೇಲಿಟ್ಟು, ಕುದಿಸಿಯೇ ಕುಡಿಸಿದರು.

ಜ್ವರ ಬಂದರೆ ಮಾತ್ರ ಒಂದು ಗಳಿಗೆಯೂ ಕಾಯಬೇಡಿ, ಈ ಔಷಧಿ ತೆಗೆದುಕೊಳ್ಳುವ ಮಕ್ಕಳಿಗೆ ಸೋಂಕು ತಡೆಯುವ ಶಕ್ತಿ ಇರುವುದಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಒಂದು ಮಧ್ಯಾಹ್ನ ನನ್ನ ಮೈ ಕಾದ ಹೆಂಚಾಯಿತು. ಅಪ್ಪ ಊರಲ್ಲಿರಲಿಲ್ಲ. ಹಾಡುಹಗಲೇ ಮಗುವನ್ನು ಹೊತ್ತು ಓಡಿದರೆ ಬೀದಿಯವರು ಕೇಳುತ್ತಾರೆ, ಸಂಜೆ ಅಪ್ಪ ಬರಲಿ ಎಂದು ಅಮ್ಮ ಒದ್ದೆಬಟ್ಟೆ ಹಾಕುತ್ತಾ ಕೂತಳು. ಅತ್ತೆ ಬಂದು ಹಣೆ ಮುಟ್ಟಿ ನೋಡಿದರು. ವಾಪಸ್ಸು ತಮ್ಮ ಮನೆಗೆ ಹೋಗಿ, ಹಸಿರು ಸೀರೆಯನ್ನು ಸೆರಗಿನ ಹತ್ತಿರದವರೆಗೆ ನೇಯ್ದಿದ್ದ ಮಗ್ಗದ ಸ್ವಿಚ್ ಆರಿಸಿದರು. ಆಮೇಲೆ ಬೀದಿಯ ನಡುವೆ ನಿಂತು ಕೂಗಿದರು.

"ಮಗೀಗೆ ಹರಕೆನೂ ಇಲ್ಲ, ಮುಡಿನೂ ಇಲ್ಲ! ಕ್ಯಾನ್ಸರ್ ಕಣ್ರೋ! ಜ್ವರ ಏರ್ಬಿಟ್ಟಿದೆ, ಯಾರಾದ್ರೂ ಗಾಡಿ ತೆಗೀರಿ!"

ಒಂದೊಂದಾಗಿ ಮಗ್ಗಗಳು ನಿಂತವು. ಮೂಲೆಮನೆಯಾಕೆಯ ಗಂಡನೇ ಸೀರೆ ಸಾಗಿಸುವ ವ್ಯಾನು ತಂದರು. ಸೀರೆಯ ಗಂಟುಗಳ ಮೇಲೆ ಮಲಗಿದ್ದು, ಅತ್ತೆಯ ಕೈಯ ಗಂಧದ ವಾಸನೆ... ಅಷ್ಟೇ ನೆನಪಿದೆ. ಸೋಂಕು ರಕ್ತಕ್ಕೆ ಇಳಿದಿತ್ತಂತೆ. ನಾನು ಚೇತರಿಸಿಕೊಳ್ಳುವವರೆಗೂ ಅತ್ತೆ ಅಮ್ಮನ ಜೊತೆ ಆಸ್ಪತ್ರೆಯಲ್ಲೇ ಉಳಿದರು. ದಿನಗಟ್ಟಲೆ ನಿಂತ ಮಗ್ಗವನ್ನು ಅವರು ಮತ್ತೆ ಓಡಿಸಿದಾಗ ನೇಯ್ಗೆ ನಿಂತಿದ್ದ ಜಾಗದಲ್ಲಿ ಸೀರೆಗೆ ಅಡ್ಡಗೆರೆ ಬಿದ್ದಿತ್ತು.

ಗುಟ್ಟು ರಟ್ಟು ಮಾಡಿದರೆಂದು ಅಮ್ಮ ಕೆಲಕಾಲ ಅವರೊಡನೆ ಮಾತು ಬಿಟ್ಟಳು. ಅತ್ತೆ ಮಾತ್ರ ಗಂಧದ ಬಟ್ಟಲು ಹಿಡಿದು ಬರುವುದನ್ನು ಬಿಡಲಿಲ್ಲ. ಹಿಂದಿನ ಬೀದಿಯ ತಾಯಿಯೊಬ್ಬಳು, ಮಗುವಿನ ಮೈಮೇಲೆ ನೀಲಿ ಕಲೆಗಳು ಏಳುತ್ತಿವೆ ಎಂದು ಹೆದರಿಕೊಂಡು ಒಂದು ದಿನ ನೇರ ನಮ್ಮ ಮನೆಗೆ ಬಂದಳು. ವಿಷಯ ಎಲ್ಲರಿಗೂ ಗೊತ್ತಿತ್ತಲ್ಲ, ಅದಕ್ಕೇ ಬಂದಿದ್ದಳು. ಅಮ್ಮ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟಳು. ಹೊರಡುವ ಮುಂಚೆ ಎದುರುಮನೆ ಬಾಗಿಲಿಗೆ ಹೋಗಿ, "ಅಕ್ಕಾ, ನೀವೂ ಬನ್ನಿ," ಎಂದಳು.

ನನ್ನ ಚಿಕಿತ್ಸೆ ಮುಗಿಯಿತು, ಕೂದಲೂ ದಟ್ಟವಾಗಿ ಬಂತು. ಎಣ್ಣೆ ಹಚ್ಚಿ ಜಡೆ ಹಾಕುವ ಕೆಲಸವನ್ನು ಅತ್ತೆ ಯಾರಿಗೂ ಬಿಟ್ಟುಕೊಡಲಿಲ್ಲ. ಹೋದ ವರ್ಷ ಅವರು ತೀರಿಕೊಂಡಾಗ ಸೊಸೆ ಈ ಸೀರೆ ತಂದುಕೊಟ್ಟು, "ಮಾರಕ್ಕೆ ಬಿಡ್ಲೇ ಇಲ್ಲ, ನಿಮಗೇ ಅಂತ ಇಟ್ಟಿದ್ರು," ಎಂದಳು.

ಅದನ್ನೇ ಉಟ್ಟು ಮದುವೆಗೆ ಹೋದೆ. ಪಕ್ಕದಲ್ಲಿ ಕೂತ ಹೆಂಗಸು ಬಗ್ಗಿ, "ಸೀರೆ ಡ್ಯಾಮೇಜ್ ಇದೆಯಲ್ಲಮ್ಮ, ನೋಡ್ಕೊಳ್ಲಿಲ್ವಾ?" ಎಂದರು. ಗೆರೆ ಬಿದ್ದದ್ದು ಯಾಕೆಂದು ಹೇಳಿದೆ, ಕಾಯಿಲೆಯ ಹೆಸರು ಸಮೇತ. ವಾಲಗದ ಸದ್ದಿಗೆ ಕೂಗಿಯೇ ಹೇಳಬೇಕಾಯಿತು. ಮನೆಗೆ ಬಂದು ಒಬ್ಬಳೇ ಜಡೆ ಬಿಚ್ಚುವಾಗ ಅತ್ತೆ ಇಲ್ಲ ಎನ್ನುವುದು ತುಂಬಾ ನೋಯಿಸಿತು.